ಮಾಂಟೊವಾನಿಯ ಪಿಟೀಲುಗಳನ್ನು ಕಂಪ್ಯೂಟರಿಗೆ ಇಳಿಸಿದ ಭಾನುವಾರ

ಬ್ರಿಟನ್ನಿನ ಮಾಂಟೊವಾನಿ ವಾದ್ಯವೃಂದದ ‘ಫಿಲ್ಮ್ ಎನ್‌ಕೋರ್ಸ್’ ಎಲ್‌ಪಿ ಗ್ರಾಮಫೋನ್ ಪ್ಲೇಟಿನ ಎರಡೂ ಬದಿ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಅದನ್ನು ಕಂಪ್ಯೂಟರಿಗೆ ಇಳಿಸುವಷ್ಟರಲ್ಲಿ ಭಾನುವಾರವೇ ಮುಗಿದಿತ್ತು. 1957ರ ಡೆಕ್ಕಾ ಕಂಪನಿಯ ಪ್ಲೇಟು ಇದು. ಅಮೆರಿಕದಲ್ಲಿ ‘ಲಂಡನ್’ ಲೇಬಲ್ಲಿನಲ್ಲಿ ಮಾರಾಟವಾಗಿ 1959ರಲ್ಲಿ ಅಲ್ಲಿನ ಸ್ಟೀರಿಯೊ ಎಲ್‌ಪಿಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತ್ತು. ಸಿನಿಮಾದ ಪ್ರೇಮಗೀತೆಗಳು, ಮಾತಿಲ್ಲದೆ, ಬಹುಪಾಲು ತಂತಿವಾದ್ಯಗಳಲ್ಲಿ.

ಬೆಳಿಗ್ಗೆ ತೊಳೆಯುವ ಕೆಲಸ. ಬಟ್ಟಿ ಇಳಿಸಿದ ನೀರು 800 ಮಿ.ಲೀ., ಐಸೊಪ್ರೊಪೈಲ್ ಆಲ್ಕೋಹಾಲ್ 200 ಮಿ.ಲೀ., ಪಾತ್ರೆ ತೊಳೆಯುವ ದ್ರವ ಎರಡೇ ಹನಿ. ಮೆತ್ತನೆ ಬ್ರಷ್ಷನ್ನು ಗೆರೆಗಳ ಗುಂಟ ಸುತ್ತಿಸಬೇಕು, ಅಡ್ಡ ಎಳೆಯಬಾರದು. ನಡುವಿನ ಕಾಗದದ ಲೇಬಲ್ ಒದ್ದೆಯಾಗಬಾರದು. ಆಮೇಲೆ ಬರೀ ಬಟ್ಟಿ ನೀರಿನಲ್ಲಿ ಇನ್ನೊಮ್ಮೆ ತೊಳೆಯದಿದ್ದರೆ ಉಳಿದ ಸೋಪು ಸೂಜಿಗೆ ಮೆತ್ತಿಕೊಳ್ಳುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟಿಗೆ ಮಾತ್ರ ಈ ಮಿಶ್ರಣ ತಾಗಿಸಲೇಬೇಡಿ; ಅದು ಅರಗಿನದು, ಆಲ್ಕೋಹಾಲಿಗೆ ಕರಗುತ್ತದೆ.

ಸೂಜಿ ಪ್ಲೇಟಿನ ಮೇಲೆ ಹಾಕುವ ಭಾರ 2 ಗ್ರಾಂ. ಭಾರ ಕಡಿಮೆಯಿದ್ದರೆ ಪ್ಲೇಟಿಗೆ ಒಳ್ಳೆಯದು ಅನ್ನುವವರಿದ್ದಾರೆ, ತಪ್ಪು. ಹಗುರವಾದ ಸೂಜಿ ಗೆರೆಯೊಳಗೆ ಕುಣಿದು ಅದರ ಗೋಡೆಯನ್ನೇ ಕೆತ್ತುತ್ತದೆ. ಸೂಜಿ ಕೂರುವ ಕಾರ್ಟ್ರಿಜ್‌ನ ತಯಾರಕರು ಹೇಳಿದ ಮಿತಿಯ ಮೇಲ್ತುದಿಗೆ ಇಡುವುದೇ ಕ್ಷೇಮ.

ಮೊದಲ ಸಲ ಇಳಿಸಿದ್ದು ಕೆಟ್ಟಿತು. ಕೆಟ್ಟ ಕಾರಣ ತಿಳಿಯಬೇಕಾದರೆ ಈ ವೃಂದದ ಗುಟ್ಟು ತಿಳಿದಿರಬೇಕು. 1951ರಲ್ಲಿ ‘ಶಾರ್‌ಮೇನ್’ ಹಾಡಿಗಾಗಿ, ವೃಂದಕ್ಕೆ ಸಂಗೀತ ಹೊಂದಿಸಿ ಬರೆಯುತ್ತಿದ್ದ ರೊನಾಲ್ಡ್ ಬಿಂಜ್ ಪಿಟೀಲುಗಳನ್ನು ಹಲವು ಗುಂಪು ಮಾಡಿ ಬರೆದರು. ನಮ್ಮ ಸ್ವರಗಳಲ್ಲಿ ಹೇಳುವುದಾದರೆ: ಮೊದಲ ಗುಂಪು ‘ಸ’ ಹಿಡಿದು ನಿಲ್ಲುತ್ತದೆ. ಅದು ನಿಂತಿರುವಾಗಲೇ ಎರಡನೆಯದು ‘ರಿ’, ಮೂರನೆಯದು ‘ಗ’. ಆಮೇಲಷ್ಟೇ ಮೊದಲ ಗುಂಪು ‘ಸ’ ಬಿಟ್ಟು ಮುಂದಿನ ಸ್ವರ ಹಿಡಿಯುತ್ತದೆ. ಪೂರ್ತಿ ರಾಗ ಯಾವ ವಾದಕನ ಹಾಳೆಯಲ್ಲೂ ಇರುವುದಿಲ್ಲ. ಒಬ್ಬನೇ ನುಡಿಸಿದರೆ ಅರ್ಥವಿಲ್ಲದ ತುಣುಕು. ಎಲ್ಲರೂ ಸೇರಿದಾಗ ದೊಡ್ಡ ಚರ್ಚಿನೊಳಗೆ ನುಡಿಸಿದ ಹಾಗೆ ಸ್ವರದ ಹಿಂದೆ ಸ್ವರ ತೇಲುತ್ತದೆ. ಯಂತ್ರದ ಪ್ರತಿಧ್ವನಿ ಎಂದುಕೊಳ್ಳುವವರೇ ಹೆಚ್ಚು, ಆದರೆ ಅದು ಕಾಗದದ ಮೇಲೆ ಬರೆದ ಪ್ರತಿಧ್ವನಿ. ಗಮಕದ ಕಿವಿಗೆ ಇದು ವಿಚಿತ್ರ: ಇಲ್ಲಿ ಸ್ವರ ಜಾರುವುದಿಲ್ಲ, ಸಾಯದೆ ಕಾಯುತ್ತದೆ. ಹಿಮ್ಮೇಳದ ಸ್ವರಮೇಳ ಬೇಗ ಬೇಗ ಬದಲಾದರೆ ನಿಂತ ಸ್ವರಗಳು ಅದರೊಡನೆ ಕಚ್ಚಾಡುತ್ತವೆ. ಹಾಗಾಗಿ ನಿಧಾನದ ಹಾಡಿಗೇ ಈ ಉಪಾಯ ಒಪ್ಪುತ್ತದೆ.

ಈಗ ಕೆಟ್ಟ ವಿಷಯ. ಸರಸರ ಸದ್ದು ಹೋಗಲೆಂದು ಸಾಫ್ಟ್‌ವೇರಿನ ನಾಯ್ಸ್ ರಿಡಕ್ಷನ್ (ಬೇಡದ ಸದ್ದು ತಗ್ಗಿಸುವ ಸೌಲಭ್ಯ) 12 ಡೆಸಿಬೆಲ್‌ಗೆ ಇಟ್ಟಿತ್ತು. ಕ್ಷೀಣಿಸುತ್ತಾ ಹೋಗುವ ಪಿಟೀಲಿನ ಬಾಲಕ್ಕೂ ಪ್ಲೇಟಿನ ಸರಸರಕ್ಕೂ ಅದು ಭೇದ ಮಾಡಲಿಲ್ಲ, ಎರಡನ್ನೂ ಕತ್ತರಿಸಿತು. ಉಳಿದದ್ದು ನೀರಿನಡಿಯಿಂದ ಬಂದಂಥ ಸದ್ದು. ಈ ಸಂಗೀತದ ಪ್ರಾಣವೇ ಆ ಬಾಲ. ಅದನ್ನು ಕಳೆದ ಮೇಲೆ ಮಾಂಟೊವಾನಿಯಲ್ಲಿ ಮಿಕ್ಕುವುದು ಸಪ್ಪೆ ಸಕ್ಕರೆಪಾಕ.

ಎರಡನೇ ಸಲ ರಿಡಕ್ಷನ್ ಮುಟ್ಟಲಿಲ್ಲ. ಧ್ವನಿಮುದ್ರಣ 24 ಬಿಟ್, 96 ಕಿಲೋಹರ್ಟ್ಸ್, ಅತಿ ಜೋರಿನ ಜಾಗದಲ್ಲೂ ಮೈನಸ್ 6 ಡೆಸಿಬೆಲ್ ದಾಟದಂತೆ. 20 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ಮಾತ್ರ ತೆಗೆದದ್ದು. ಟಿಕ್ ಟಿಕ್ ಸದ್ದುಗಳನ್ನು ಒಂದೊಂದಾಗಿ ಕೈಯಿಂದಲೇ; ತಾನಾಗಿ ತೆಗೆಯುವ ಸೌಲಭ್ಯ ಹಾರ್ಪಿನ ಮೀಟನ್ನೂ ಟಿಕ್ ಎಂದುಕೊಂಡು ನುಂಗುತ್ತದೆ.

ಪ್ರತಿ ಬದಿಯ ಕೊನೆಯ ಹಾಡು ಆದರೂ ಸತಾಯಿಸಿತು. ಪ್ಲೇಟಿನ ಹೊರ ಅಂಚಿನಲ್ಲಿ ಗೆರೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡುತ್ತದೆ, ಒಳಗೆ ಬರೀ 21. ಹತ್ತು ಸಾವಿರ ಹರ್ಟ್ಸಿನ ಒಂದು ಅಲೆಗೆ ಅಲ್ಲಿ ಸಿಗುವ ಜಾಗ 21 ಮೈಕ್ರಾನ್. ಗುಂಡು ತುದಿಯ 18 ಮೈಕ್ರಾನ್ ತ್ರಿಜ್ಯದ ಸೂಜಿ ಅದರೊಳಗೆ ಇಳಿಯುವುದಿಲ್ಲ. ಪಿಟೀಲಿನ ಮಿನುಗೇ ಮೊದಲು ಮುಳ್ಳಾಗುತ್ತದೆ. ಅಂಡಾಕಾರದ ಸೂಜಿಗೆ ಬದಲಿಸಿದ ಮೇಲೆ ಮುಕ್ಕಾಲುಪಾಲು ಸರಿಹೋಯಿತು. ಮಿಕ್ಕದ್ದು ಯಾರೋ ಹಿಂದೆ ಸವೆದ ಸೂಜಿಯಲ್ಲಿ ಮಾಡಿದ ಗಾಯ, ಅದಕ್ಕೆ ಮದ್ದಿಲ್ಲ. ಫೈಲು 1.4 ಜಿಬಿ ಹತ್ತಿರ ಬಂತು. ಟಿಕ್ ತೆಗೆಯುವ ಮೊದಲಿನ ಪ್ರತಿಯನ್ನೂ ಫ್ಲ್ಯಾಕ್ (ಗುಣ ಕೆಡದೆ ಗಾತ್ರ ಕುಗ್ಗಿಸುವ ಫೈಲು) ಮಾಡಿ ಬೇರೆ ಇಟ್ಟದ್ದಾಯಿತು.