ವಿಂಟನ್‌ನ ಎರೆಮಣ್ಣಲ್ಲಿ ಎರಡು ರಾತ್ರಿ

ನಾನು ನರಗುಂದದ ಕಡೆಯವನು. ಎರೆಮಣ್ಣು ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. "ಹಸಿ ಎರಿಯೊಳಗ ಚಕ್ಕಡಿ ಇಳಿಸಬ್ಯಾಡೋ" ಅಂತ ಅಪ್ಪ ಅದೆಷ್ಟು ಸಲ ಹೇಳಿದ್ದಾರೋ. ಆದರೂ ಕಳೆದ ಜುಲೈನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಒಳನಾಡಿನಲ್ಲಿ, ವಿಂಟನ್ ಊರಿನಾಚೆಯ ಒಂದು ಮಣ್ಣು ರಸ್ತೆಯಲ್ಲಿ, ಅದೇ ತರದ ಮಣ್ಣಲ್ಲಿ ನಮ್ಮ ಗಾಡಿ ಹೂತುಹೋಯಿತು.

ಲಾರ್ಕ್ ಕ್ವಾರಿಯಲ್ಲಿ ಡೈನೊಸಾರ್ ಹೆಜ್ಜೆ ಗುರುತು ನೋಡಿ ವಾಪಸ್ ಬರುತ್ತಿದ್ದೆವು. ವಿಂಟನ್‌ನಿಂದ ಅಲ್ಲಿಗೆ ಸುಮಾರು 110 ಕಿ.ಮೀ. ಟೆಂಟ್ ಹಾಕೋಣ ಅಂತ ಪಕ್ಕದ ದಾರಿಗೆ ತಿರುಗಿದೆ. ಜುಲೈ ಅಲ್ಲಿ ಒಣ ಕಾಲ, ಮಳೆಯ ಯೋಚನೆಯೇ ಇರಲಿಲ್ಲ. ಸಂಜೆ ಅರ್ಧ ಗಂಟೆ ಬಂತು, ಅಷ್ಟೇ. ಅಷ್ಟಕ್ಕೇ ಟೈರಿನ ಗೀರುಗಳೆಲ್ಲ ರಾಡಿ ತುಂಬಿ ನುಣ್ಣಗಾಗಿ, ಗಾಡಿ ಅಡ್ಡಡ್ಡ ಜಾರಿ ಅಂಚಿಗೆ ಹೋಗಿ ಕೂತಿತು. ನಾನು ಆಕ್ಸಿಲರೇಟರ್ ಒತ್ತಿದೆ. ಒತ್ತಬಾರದಿತ್ತು. ಚಕ್ರ ನಿಂತಲ್ಲೇ ತಿರುಗಿ ಇನ್ನೂ ಒಂದು ಗೇಣು ಕೆಳಗೆ ಇಳಿಯಿತು.

ಟೈರಿನ ಗಾಳಿ 20 ಪಿಎಸ್‌ಐಗೆ ಇಳಿಸಿದೆ, ಸಲಿಕೆಯಿಂದ ಅಗೆದೆ, ಚಕ್ರದ ಕೆಳಗೆ ಪ್ಲಾಸ್ಟಿಕ್ ಹಲಗೆ ಕೊಟ್ಟೆ. ಮರಳಲ್ಲಿ ಇಷ್ಟು ಮಾಡಿದರೆ ಗಾಡಿ ಎದ್ದು ಬರುತ್ತದೆ. ಇಲ್ಲಿ ಹಲಗೆಯೇ ಹೂತುಹೋಯಿತು. ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ, ವರ್ಷ ವರ್ಷ ಹೀಗೇ ಒಳಗಿಂದ ಹೊರಳುತ್ತಾ ಇರುತ್ತದೆ. ಆ ಹೊರಳಾಟಕ್ಕೇ ವಿಂಟನ್ ಸುತ್ತ ಡೈನೊಸಾರ್ ಎಲುಬಿನ ಚೂರುಗಳು ನಿಧಾನವಾಗಿ ಮೇಲಕ್ಕೆ ಬರುತ್ತವೆ. 1999ರಲ್ಲಿ ಅಲ್ಲಿನ ಡೇವಿಡ್ ಎಲಿಯಟ್ ಎಂಬ ಕುರಿ ಸಾಕುವವರಿಗೆ ತಮ್ಮ ಜಮೀನಿನಲ್ಲೇ ಅಂಥ ದೊಡ್ಡ ಎಲುಬು ಸಿಕ್ಕಿತ್ತು, ಈಗ ವಿಂಟನ್ ಹತ್ತಿರ ಡೈನೊಸಾರ್ ಮ್ಯೂಸಿಯಂ ಇದೆ. ಹೆಂಡತಿಗೆ ಇದನ್ನೆಲ್ಲ ಹೇಳುತ್ತಾ ಕೂತಿದ್ದೆ, ಬೇರೆ ಏನು ಮಾಡಲಿ, ಫೋನಿಗೆ ಸಿಗ್ನಲ್ ಇರಲಿಲ್ಲ. ಗಾಡಿ ಬಿಟ್ಟು ನಡೆದು ಹೋಗೋಣವಾ ಅಂದಳು. ಅದು ಮಾತ್ರ ಬೇಡ ಅಂದೆ. ಆ ಬಯಲಲ್ಲಿ ಗಾಡಿ ದೂರದಿಂದ ಕಾಣುತ್ತದೆ, ಮನುಷ್ಯ ಕಾಣೋದಿಲ್ಲ. ನೀರು 40 ಲೀಟರ್ ಇತ್ತು, ಅಕ್ಕಿ ಬೇಳೆ ಇತ್ತು.

ಮರುದಿನ ಪಕ್ಕದ ದನದ ಫಾರ್ಮಿನ ಹಿರಿಯರೊಬ್ಬರು ಬಂದರು. ತಮ್ಮ ಗಾಡಿಯನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ, ನಡೆದು ಬಂದು ನೋಡಿದರು. ಈಗ ಎಳೆದರೆ ದಾರಿ ಹಾಳಾಗುತ್ತೆ, ಗಾಳಿ ಬೀಸ್ತಿದೆ, ನಾಳೆ ಮಧ್ಯಾಹ್ನದವರೆಗೆ ಇರಿ ಅಂದರು. ಬೇಜಾರಾಗಲಿಲ್ಲ. ಹಸಿಯಲ್ಲಿ ಬಿದ್ದ ಚಕ್ರದ ಜಾಡು ಒಣಗಿದರೆ ಕಲ್ಲಿನ ಹಾಗೆ ಆಗುತ್ತದೆ, ಮುಂದೆ ತಿಂಗಳುಗಟ್ಟಲೆ ಆ ದಾರಿಯವರು ಅದರಲ್ಲೇ ಓಡಾಡಬೇಕು. ನಮ್ಮೂರಲ್ಲೂ ಹೊಲದ ದಾರಿಗೆ ಇದೇ ಜಗಳ ಅಲ್ವಾ.

ಮೂರನೇ ದಿನ ಮಧ್ಯಾಹ್ನ ಮಣ್ಣಿನ ಮೇಲಿನ ಪದರ ಗಟ್ಟಿಯಾಯಿತು. ಸೆಕೆಂಡ್ ಗೇರಿನಲ್ಲಿ ಮೆಲ್ಲಗೆ, ಗಾಡಿ ತಾನೇ ಎದ್ದು ಬಂತು. ನಾವು ತೋಡಿದ ಗುಂಡಿಗಳನ್ನು ಮುಚ್ಚಿ ತುಳಿಯಲು ಒಂದು ಗಂಟೆ ಹಿಡಿಯಿತು. ಆಮೇಲೆ ಹೊರಟೆವು.