ಮೀನಿನ ಮೂಗು ಮತ್ತು ಮೈಲುತುತ್ತ

ಮಾರ್ಕೆಟ್ಟಿನಲ್ಲಿ ಕಾಟ್ಲಾನೋ ರೋಹುನೋ ತಗೊಳ್ಳುವಾಗ ಅದರ ಕಣ್ಣಿನ ಮುಂದೆ ಒಮ್ಮೆ ನೋಡಿ. ಎರಡೂ ಬದಿಗೆ ಹೊಳ್ಳೆ ಇದೆ, ಒಂದೊಂದನ್ನೂ ತೆಳ್ಳನೆಯ ಚರ್ಮ ಎರಡು ತೂತಾಗಿ ಮಾಡಿದೆ. ನೀರು ಮುಂದಿನ ತೂತಿನಿಂದ ಒಳಗೆ ಹೋಗಿ ಹಿಂದಿನದರಿಂದ ಹೊರಗೆ ಬರುತ್ತದೆ. ಉಸಿರಾಟ ಕಿವಿರಿನ ಕೆಲಸ, ಈ ಮೂಗು ಬರೀ ವಾಸನೆಗೆ. ಒಳಗಿನ ಮಡಿಕೆಗಳಲ್ಲಿ ನರಕೋಶಗಳ ತುದಿ ನೇರವಾಗಿ ನೀರಿಗೆ ತೆರೆದುಕೊಂಡಿರುತ್ತದೆ. ನೀರಿನಲ್ಲಿ ಏನೇ ಇದ್ದರೂ ನೇರ ಅದಕ್ಕೇ ತಾಗುತ್ತದೆ, ನನಗೆ ದಿಗಿಲಾಗುವುದು ಇಲ್ಲೇ.

ಅಮೆರಿಕದ ಸಾಲ್ಮನ್ ಮೀನು ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡಲು ತಾನು ಹುಟ್ಟಿದ ಹೊಳೆಗೇ ಬರುತ್ತದಲ್ವಾ, ದಾರಿ ಹೇಗೆ ಗೊತ್ತು? ಆರ್ಥರ್ ಹ್ಯಾಸ್ಲರ್ ಮತ್ತು ವಾರೆನ್ ವಿಸ್ಬಿ ಎಂಬ ವಿಜ್ಞಾನಿಗಳು ಸಿಯಾಟಲ್ ಹತ್ತಿರದ ಇಸಕ್ವಾ ಹೊಳೆಯ ಎರಡು ಕವಲುಗಳಿಗೆ ಬಂದ ಮೀನುಗಳನ್ನು ಹಿಡಿದು, ಅರ್ಧದಷ್ಟಕ್ಕೆ ಮೂಗು ಮುಚ್ಚಿ, ಕವಲಿನ ಕೆಳಗೆ ಬಿಟ್ಟರು. ಮೂಗು ತೆರೆದಿದ್ದವುಗಳಲ್ಲಿ ಬಹುಪಾಲು ಮೊದಲಿನ ಕವಲನ್ನೇ ಹಿಡಿದವು. ಮುಚ್ಚಿದವುಗಳಲ್ಲಿ ಎಷ್ಟೋ ದಾರಿ ತಪ್ಪಿದವು. 1954ರಲ್ಲಿ ಪ್ರಕಟವಾದ ಪ್ರಯೋಗ ಇದು.

ಆ ಮೂಗನ್ನು ಕೆಡಿಸಲು ತಾಮ್ರ ಸಾಕು. ಲೀಟರ್ ನೀರಿನಲ್ಲಿ ಕೆಲವೇ ಮೈಕ್ರೋಗ್ರಾಂ ಕರಗಿದ್ದರೂ ಅರ್ಧ ಗಂಟೆಯೊಳಗೆ ಮರಿ ಸಾಲ್ಮನ್‌ನ ಮೂಗು ಮಂಕಾಗುತ್ತದೆ ಎಂದು 2003ರಲ್ಲಿ ವಿಜ್ಞಾನಿಗಳು ತೋರಿಸಿದರು. ಮೀನು ಸಾಯುವುದಿಲ್ಲ, ನೋಡಲು ಚೆನ್ನಾಗೇ ಇರುತ್ತದೆ. ಆದರೆ ಪಕ್ಕದ ಮೀನಿನ ಚರ್ಮ ಹರಿದಾಗ ನೀರಿಗೆ ಸೇರುವ ಅಪಾಯದ ವಾಸನೆ ಅದಕ್ಕೆ ಸಿಗುವುದಿಲ್ಲ, ಓಡದೆ ಅಲ್ಲೇ ನಿಂತಿರುತ್ತದೆ. ಬ್ರೇಕ್ ಸವೆದ ಪುಡಿ ಮಳೆನೀರಿನ ಜೊತೆ ಹೊಳೆ ಸೇರುತ್ತದೆಂದು, ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ 2010ರಲ್ಲಿ ವಾಹನಗಳ ಬ್ರೇಕ್ ಪ್ಯಾಡಿನಲ್ಲಿ ತಾಮ್ರ ಇಳಿಸಲು ಕಾನೂನೇ ಮಾಡಿತು. ನಮ್ಮ ಗೆಂಡೆಯ ಬಳಗದ ಝೀಬ್ರಾ ಮೀನಿನಲ್ಲೂ ತಾಮ್ರ ಹೀಗೇ ಕೆಲಸ ಮಾಡುತ್ತದೆ.

ಈಗ ನಮ್ಮ ಅಡಿಕೆ ತೋಟಕ್ಕೆ ಬನ್ನಿ. ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯದೆ ಆಗುವುದಿಲ್ಲ, ಬಿಡಿ ಅಂತ ನಾನೂ ಹೇಳುತ್ತಿಲ್ಲ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಸುಣ್ಣ ಬೆರೆತ ಮೇಲೆ ತಾಮ್ರ ಅಷ್ಟು ಸುಲಭವಾಗಿ ನೀರಲ್ಲಿ ಕರಗಿ ಹೋಗುವುದಿಲ್ಲ. ಆದರೆ ಬರೀ ತುತ್ತ ಕರಗಿಸಿದ ಬಕೆಟ್ ಇದೆಯಲ್ಲ, ತಳದಲ್ಲಿ ನೀಲಿ ನೀರು ಉಳಿದಿರುತ್ತದಲ್ಲ, ಅದು ಪೂರ್ತಿ ಕರಗಿದ ತಾಮ್ರ. ಕೈಗೆ ಹತ್ತಿರ ಅಂತ ಅದನ್ನು ಹಳ್ಳದಲ್ಲೇ ಜಾಲಿಸಿಬಿಡುತ್ತಾರೆ, ಅದೂ ಮಳೆಗಾಲದ ಶುರುವಿನಲ್ಲಿ, ಹತ್ತುಮೀನು, ಅಂದರೆ ಮೊಟ್ಟೆ ಇಡಲು ಮೇಲಕ್ಕೆ ಹತ್ತುವ ಮೀನು, ಹಳ್ಳ ಏರುವ ದಿನಗಳಲ್ಲೇ.

ದಯವಿಟ್ಟು ಆ ಬಕೆಟ್ ತೊಳೆದ ನೀರನ್ನು ಬೋರ್ಡೋ ಬೆರೆಸುವ ಡ್ರಮ್ಮಿಗೇ ಸುರಿಯಿರಿ, ನೂರು ಲೀಟರಿನ ಲೆಕ್ಕದಲ್ಲೇ ಅದೂ ಸೇರಿಹೋಗುತ್ತದೆ.