ಹರಿಗೋಲಿಗೆ ಎಷ್ಟು?

ಗಂಗಾವತಿಯ ದಲಾಲಿ ಅಂಗಡಿಯೊಂದರಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. 75 ಕಿಲೋ ಚೀಲದ ಸೋನಾ ಮಸೂರಿ ಭತ್ತ ಬೆಳಿಗ್ಗೆ ಕಾರಟಗಿಯಲ್ಲಿ ಎಷ್ಟಕ್ಕೆ ಹೋಯಿತು, ಮಧ್ಯಾಹ್ನ ಸಿಂಧನೂರಿನಲ್ಲಿ ಎಷ್ಟಕ್ಕೆ ನಿಂತಿತು ಎಂದು ಯಾರಾದರೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಹಾಗಾಗಿ ವಿಯೆಟ್ನಾಂನ ದಾ ನಾಂಗ್ ವಿಮಾನ ನಿಲ್ದಾಣದ ಹೊರಗೆ, ಹೊಯಿ ಆನ್ ಪಟ್ಟಣಕ್ಕೆ ಬಿಡಲು 12 ಲಕ್ಷ ಡಾಂಗ್ ಕೇಳಿದ ಟ್ಯಾಕ್ಸಿಯವನನ್ನು ಕಾಲು ಗಂಟೆ ಚೌಕಾಸಿ ಮಾಡಿ 9 ಲಕ್ಷಕ್ಕೆ ಇಳಿಸಿದಾಗ, ಹೆಂಡತಿಯ ಕಡೆಗೆ ತಿರುಗಿ ಗೆದ್ದ ನಗೆ ನಕ್ಕೆ. ಅವನೂ ನಕ್ಕ. ಅವನು ಏಕೆ ನಕ್ಕ ಎಂದು ಆಗಲೇ ಯೋಚಿಸಬೇಕಿತ್ತು.

ಹೊಯಿ ಆನ್‌ನ ಹೋಟೆಲಿನಲ್ಲಿ ಮೊಬೈಲಿಗೆ ಹೊಸ ಸಿಮ್ ಹಾಕಿ, ಅಲ್ಲಿನವರು ಬಳಸುವ ಗ್ರ್ಯಾಬ್ ಆ್ಯಪ್ ತೆರೆದು, ನಾವು ಬಂದ ಅದೇ 30 ಕಿಲೋಮೀಟರ್ ದಾರಿಗೆ ದರ ನೋಡಿದೆ. ಮೂರೂವರೆ ಲಕ್ಷ. ಆ ತಿಂಗಳು ಒಂದು ಲಕ್ಷ ಡಾಂಗ್ ಎಂದರೆ ನಮ್ಮ 330 ರೂಪಾಯಿಯ ಆಸುಪಾಸು. ಸಾವಿರದ ಇನ್ನೂರಕ್ಕೂ ಕಡಿಮೆಯ ಪ್ರಯಾಣಕ್ಕೆ ಸುಮಾರು ಮೂರು ಸಾವಿರ ತೆತ್ತು, ಮೇಲಿಂದ ನನ್ನ ಚಾತುರ್ಯಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಮಂಡಿಯಲ್ಲಿ ಇಂಥ ರೈತರನ್ನು ದಿನವೂ ನೋಡುತ್ತೇನೆ. ಆ ದಿನದ ಪೇಟೆ ದರ ಕೇಳಿಕೊಂಡು ಬಂದಿರುವುದಿಲ್ಲ, ವ್ಯಾಪಾರಿ ಹೇಳಿದ ದರದ ಮೇಲೆ ಚೀಲಕ್ಕೆ ಇಪ್ಪತ್ತು ರೂಪಾಯಿ ಏರಿಸಿಕೊಂಡು ಸಂತೋಷದಿಂದ ಚಹಾ ಕುಡಿದು ಹೋಗುತ್ತಾರೆ. ಬುಡದ ದರ ಗೊತ್ತಿಲ್ಲದವನ ಚೌಕಾಸಿಯನ್ನು ಎದುರಿನವನು ಮೊದಲೇ ದರದೊಳಗೆ ಸೇರಿಸಿಟ್ಟಿರುತ್ತಾನೆ.

ಹೊರಡುವ ಮೊದಲು ಇಷ್ಟು ದಡ್ಡನಾಗಿರಲಿಲ್ಲ. ನನ್ನ ಹೆಂಡತಿ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. 2025ರ ಬೇಸಿಗೆ ರಜೆಯಲ್ಲಿ ಒಮ್ಮೆಯಾದರೂ ವಿಮಾನ ಹತ್ತಬೇಕು ಎಂದು ಹಟ ಹಿಡಿದಿದ್ದಳು. ಬಳ್ಳಾರಿಗೆ ಕೆಲಸದ ಮೇಲೆ ಹೋದಾಗ ಅಲ್ಲಿನ ಒಂದು ಪ್ರವಾಸ ಕಚೇರಿಯಲ್ಲಿ ವಿಚಾರಿಸಿದೆ. ಐದು ರಾತ್ರಿ, ಆರು ಹಗಲು, ವಿಮಾನವೂ ಸೇರಿ ತಲೆಗೆ 92,000 ರೂಪಾಯಿ. ಇದರಲ್ಲಿ ವಿಮಾನಕ್ಕೆ ಎಷ್ಟು, ಹೋಟೆಲಿಗೆ ಎಷ್ಟು ಎಂದು ಕೇಳಿದೆ. "ಎಲ್ಲ ಸೇರಿ ಸರ್" ಎಂದರು. ಬಿಡಿಬಿಡಿಯಾಗಿ ಬರೆದುಕೊಡಿ ಎಂದೆ. "ಪ್ಯಾಕೇಜ್ ಎಂದರೆ ಹಾಗೆ ಬಿಡಿಸಲು ಬರುವುದಿಲ್ಲ ಸರ್" ಎಂದರು. ಮೇಲೆ ಆಗಿದ್ದ ಶೇಕಡಾ 5ರಷ್ಟು ಟಿಸಿಎಸ್, ಅಂದರೆ ಪ್ಯಾಕೇಜ್ ಮಾರುವವರೇ ನಮ್ಮಿಂದ ಮುಂಗಡವಾಗಿ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ. ಅದು ಆದಾಯ ತೆರಿಗೆ ಲೆಕ್ಕ ಸಲ್ಲಿಸುವಾಗ ಹೊಂದಿಕೆಯಾಗುತ್ತದೆ ನಿಜ, ಆದರೆ ಅಲ್ಲಿಯವರೆಗೆ ಹಣ ಸರ್ಕಾರದ ಕಡೆ ಕೂತಿರುತ್ತದೆ. ವೀಸಾಕ್ಕೆ ಬೇರೆ, ತಲೆಗೆ 5,500.

ಲೆಕ್ಕ ಬರೆಯುವವನಿಗೆ "ಎಲ್ಲ ಸೇರಿ" ಎಂಬ ಮಾತು ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಮನೆಗೆ ಬಂದು ವಿಯೆಟ್ನಾಂ ಸರ್ಕಾರದ ಇ-ವೀಸಾ ತಾಣ ಹುಡುಕಿದೆ. ಹುಡುಕಿದರೆ ಮೊದಲು ಎದುರಾಗುವುದು ಸರ್ಕಾರದ್ದಲ್ಲ. ಸರ್ಕಾರದ್ದರಂತೆ ಕಾಣುವ, ಧ್ವಜ, ಲಾಂಛನ ಎಲ್ಲ ಹಾಕಿಕೊಂಡ ಮಧ್ಯವರ್ತಿಗಳ ತಾಣಗಳು. ವಿಳಾಸದ ಕೊನೆಯಲ್ಲಿ ಡಾಟ್ ಗವ್ ಡಾಟ್ ವಿಎನ್ ಇದ್ದರೆ ಮಾತ್ರ ಸರ್ಕಾರದ್ದು. ಒಮ್ಮೆ ಪ್ರವೇಶಿಸುವ ವೀಸಾಕ್ಕೆ ಅಲ್ಲಿ 25 ಡಾಲರ್, ಅಂದರೆ 2,150 ರೂಪಾಯಿಯಷ್ಟು. 2023ರ ಆಗಸ್ಟ್‌ನಿಂದ ಅದನ್ನು 90 ದಿನಗಳವರೆಗೆ ಕೊಡುತ್ತಾರೆ. ಪಾಸ್‌ಪೋರ್ಟ್ ಪುಟದ ಚಿತ್ರ, ಒಂದು ಭಾವಚಿತ್ರ, ಇಳಿಯುವ ವಿಮಾನ ನಿಲ್ದಾಣದ ಹೆಸರು, ಮುಖ್ಯವಾಗಿ ಇಷ್ಟೇ. ಹೆಂಡತಿಯನ್ನು ಹಿತ್ತಲಿನ ಬಿಳಿ ಗೋಡೆಯ ಮುಂದೆ ನಿಲ್ಲಿಸಿ ಭಾವಚಿತ್ರವನ್ನು ಮೊಬೈಲಿನಲ್ಲೇ ತೆಗೆದೆ. ಐದನೆಯ ದಿನ ವೀಸಾ ಬಂತು. ಆ ಸಂಜೆ ಅಂಗಡಿಯಲ್ಲಿ ಎಲ್ಲರಿಗೂ ಮಿರ್ಚಿ, ಮಂಡಕ್ಕಿ ಕೊಡಿಸಿದೆ.

ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಂಗಳೂರಿನಿಂದ ಕ್ವಾಲಾಲಂಪುರ, ಅಲ್ಲಿಂದ ದಾ ನಾಂಗ್. ಮುಂದಿನದು ಆಗಲೇ ಹೇಳಿದೆನಲ್ಲ, ಒಂಬತ್ತು ಲಕ್ಷದ ಕಥೆ.

ಹೊಯಿ ಆನ್ ಹಳೆಯ ಬಂದರು ಪಟ್ಟಣ. 1999ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಹಳದಿ ಗೋಡೆಗಳು, ಬಣ್ಣದ ಗೂಡುದೀಪಗಳು, ಹೊಲಿಗೆ ಅಂಗಡಿಗಳು, ಮತ್ತು ಹತ್ತು ಹೆಜ್ಜೆಗೊಂದು ಪ್ರವಾಸ ಕಚೇರಿ. ಏಪ್ರಿಲ್ 30ಕ್ಕೆ ವಿಯೆಟ್ನಾಂ ಯುದ್ಧ ಮುಗಿದು ಐವತ್ತು ವರ್ಷವಾಗುತ್ತದೆಂದು ಊರೆಲ್ಲ ಕೆಂಪು ಬಾವುಟ ಕಟ್ಟುತ್ತಿದ್ದರು. ಕಚೇರಿಗಳ ಮುಂದಿನ ಫಲಕಗಳಲ್ಲೆಲ್ಲ ಅವೇ ಐದಾರು ಚಿತ್ರಗಳು: ಬಾ ನಾ ಬೆಟ್ಟ, ಮಿ ಸನ್ ದೇವಾಲಯಗಳು, ಬುಟ್ಟಿ ದೋಣಿ, ಹುಯೆ ನಗರದ ರೈಲು.

ಬಾ ನಾ ಬೆಟ್ಟಕ್ಕೆ ನಾವು ಏಜೆಂಟರ ಬಸ್ಸಿನಲ್ಲೇ ಹೋದೆವು. ಎರಡು ದೈತ್ಯ ಕೈಗಳು ಎತ್ತಿ ಹಿಡಿದಂತೆ ಕಾಣುವ 150 ಮೀಟರ್ ಉದ್ದದ ಚಿನ್ನದ ಬಣ್ಣದ ಸೇತುವೆ ಅಲ್ಲಿದೆ, 2018ರದು. ಗೇಟಿನಲ್ಲಿ ಟಿಕೆಟ್ ಕೊಂಡು, ಕಾರು ಬೇರೆ ಮಾಡಿದರೆ ಇನ್ನೂ ಹೆಚ್ಚಾಗುತ್ತಿತ್ತು. ಅಲ್ಲಿ ಏಜೆಂಟ್ ನಮಗೆ ಲಾಭವೇ. ಸೇತುವೆಗಿಂತ ಬಸ್ಸು ನನಗೆ ನೆನಪಿದೆ. ಪಕ್ಕದ ಆಸನದ ಪುಣೆಯವರು ಎಷ್ಟು ಕೊಟ್ಟಿರಿ ಎಂದು ಕೇಳಿದರು. ಹೇಳಿದೆ. ಅವರ ಮುಖ ಸಪ್ಪೆಯಾಯಿತು. ಅವರು ಹಿಂದಿನವರನ್ನು ಕೇಳಿದರು, ಹಿಂದಿನವರ ಮುಖ ಇನ್ನೂ ಸಪ್ಪೆಯಾಯಿತು. ಒಂದೇ ಬಸ್ಸು, ಒಂದೇ ಊಟ, ಒಬ್ಬನೇ ಮಾರ್ಗದರ್ಶಿ, ನಾಲ್ಕು ದರ. ಎಲ್ಲ ಕಚೇರಿಗಳೂ ಗಿರಾಕಿಗಳನ್ನು ಹಿಡಿದು ಕೊನೆಗೆ ಒಂದೇ ಬಸ್ಸಿಗೆ ತುಂಬುತ್ತವೆ. ಹತ್ತು ರೈತರ ಭತ್ತವನ್ನು ಹತ್ತು ದರಕ್ಕೆ ಕೊಂಡು ಒಂದೇ ಗಿರಣಿಗೆ ಸುರಿಯುವ ಹಾಗೆ. ನಮ್ಮ ದನದ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾಡುತ್ತಾರಲ್ಲ, ಪಕ್ಕದವನಿಗೆ ತಿಳಿಯದಿರಲಿ ಎಂದು? ಇಲ್ಲಿ ಟವೆಲ್ ಇಲ್ಲ, ಅಷ್ಟೇ.

ಮಿ ಸನ್‌ಗೆ ಹೋಗುವುದು ನನ್ನ ಆಸೆ. ಕಚೇರಿಗಳಲ್ಲಿ ತಲೆಗೆ ಏಳು ಲಕ್ಷ ಹೇಳುತ್ತಿದ್ದರು. ವಿದೇಶಿಯರ ಪ್ರವೇಶ ಚೀಟಿ ಒಂದೂವರೆ ಲಕ್ಷ, ಅದು ಸೇರಿದೆಯೇ ಎಂದರೆ ಇಲ್ಲ. ಒಬ್ಬ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳಿ, ಲೈಸೆನ್ಸ್ ಏನೂ ಬೇಡ ಎಂದ. ಇದರಲ್ಲಿ ನಮ್ಮವರು ಬಹಳ ಜನ ಸಿಕ್ಕಿಬೀಳುತ್ತಾರೆ. ಭಾರತದಲ್ಲಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ರಸ್ತೆ ಸಂಚಾರದ 1949ರ ಅಂತರರಾಷ್ಟ್ರೀಯ ಒಪ್ಪಂದದ್ದು, ವಿಯೆಟ್ನಾಂ ಮಾನ್ಯ ಮಾಡುವುದು 1968ರದ್ದನ್ನು. ಬಾಡಿಗೆಗೆ ಕೊಡುವವನು ಕೇಳುವುದಿಲ್ಲ, ಪೊಲೀಸರು ಕೇಳುತ್ತಾರೆ. ಬಿದ್ದು ಕಾಲು ಮುರಿದುಕೊಂಡರೆ ವಿಮೆಯವರಂತೂ ಮೊದಲು ಅದನ್ನೇ ಕೇಳುತ್ತಾರೆ.

ನಮ್ಮ ಹೋಟೆಲಿನ ಒಡತಿಯನ್ನು ಕೇಳಿದೆ. ಆಕೆ ಮೊಬೈಲಿನ ಅನುವಾದದಲ್ಲಿ ಬರೆದು ತೋರಿಸಿದಳು: ತಂಗಿಯ ಮಗನ ಕಾರು, ಹೋಗಿ ಬರಲು, ಕಾಯುವುದೂ ಸೇರಿ ಒಟ್ಟು ಏಳು ಲಕ್ಷ, ಅದರಲ್ಲಿ ನನಗೆ ಐವತ್ತು ಸಾವಿರ. ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಇಪ್ಪತ್ತೆರಡು ವರ್ಷಗಳಲ್ಲಿ ತನ್ನ ದಲಾಲಿಯನ್ನು ಕೇಳುವ ಮೊದಲೇ ಹೇಳಿದವರನ್ನು ನೋಡಿದ್ದು ನೆನಪಿಲ್ಲ. ಒಂದು ಡಾಂಗ್ ಕೂಡ ಕಡಿಮೆ ಮಾಡಿ ಎನ್ನಲು ನಾಲಿಗೆ ಏಳಲಿಲ್ಲ.

ಬೆಟ್ಟಗಳ ನಡುವಿನ ಬೋಗುಣಿಯಂಥ ಕಣಿವೆಯಲ್ಲಿ ಕೆಂಪು ಇಟ್ಟಿಗೆಯ ಶಿವಾಲಯಗಳು. ನಾಲ್ಕನೆಯ ಶತಮಾನದಲ್ಲಿ ಚಂಪಾ ದೇಶದ ರಾಜ ಭದ್ರವರ್ಮ ಇಲ್ಲಿ ಭದ್ರೇಶ್ವರನೆಂಬ ಲಿಂಗವನ್ನು ಪ್ರತಿಷ್ಠಾಪಿಸಿದ. ತನ್ನ ಹೆಸರಿನ ಅರ್ಧವನ್ನು ದೇವರಿಗೆ ಕೊಟ್ಟು ಉಳಿಸಿಕೊಂಡ ರಾಜರು ನಮ್ಮ ಕಡೆಯೂ ಇದ್ದರು. ಇಟ್ಟಿಗೆಗಳ ನಡುವೆ ಗಾರೆಯ ಗೆರೆಯೇ ಕಾಣುವುದಿಲ್ಲ. 1969ರ ಅಮೆರಿಕದ ಬಾಂಬ್ ದಾಳಿಯಲ್ಲಿ ಎಲ್ಲಕ್ಕಿಂತ ಎತ್ತರದ ಗೋಪುರ ಉರುಳಿತು. ಬಾಂಬ್ ಬಿದ್ದ ಗುಂಡಿಗಳಲ್ಲಿ ಈಗ ಹುಲ್ಲು ಬೆಳೆದಿದೆ. ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಇಲ್ಲಿ ಕೆಲವು ಗುಡಿಗಳ ಜೀರ್ಣೋದ್ಧಾರ ಮಾಡಿದ್ದಾರೆ, 2020ರಲ್ಲಿ ಆ ಕೆಲಸ ನಡೆಯುವಾಗ ಒಂದೇ ಕಲ್ಲಿನ ದೊಡ್ಡ ಶಿವಲಿಂಗ ಸಿಕ್ಕಿತು. ಆನೆಗೊಂದಿಯಲ್ಲಿ ಹುಟ್ಟಿ, ಬಿದ್ದ ಗುಡಿಗಳ ನಡುವೆಯೇ ಗೋಲಿ ಆಡಿದವನು ನಾನು. ಆದರೂ ಅಲ್ಲಿ ಮಾತು ಬರಲಿಲ್ಲ. ಹೆಂಡತಿ ಚಪ್ಪಲಿ ಬಿಟ್ಟು ಕೈ ಮುಗಿದಳು. ಕಾದ ಇಟ್ಟಿಗೆಯ ಮೇಲೆ ಕಾಲು ಸುಟ್ಟುಕೊಂಡು ತಕ್ಷಣ ಮತ್ತೆ ಮೆಟ್ಟಿಕೊಂಡಳು.

ಹುಯೆಗೆ ಹೋಗುವ ರೈಲಿಗೆ ಹೊಯಿ ಆನ್‌ನ ಕಚೇರಿಯೊಂದರಲ್ಲಿ ತಲೆಗೆ ನಾಲ್ಕೂವರೆ ಲಕ್ಷ ಕೇಳಿದ್ದರು. "ಮೊದಲ ದರ್ಜೆ, ಕಿಟಕಿ ಪಕ್ಕ, ಈಗಲೇ ಹೇಳದಿದ್ದರೆ ಸಿಗುವುದಿಲ್ಲ" ಎಂಬ ಅವಸರ ಬೇರೆ. ಅವಸರ ಮಾಡಿಸುವವನ ಮಾಲು ಹಳಸಿರುತ್ತದೆ ಎಂಬುದು ನಮ್ಮ ಸಾಹುಕಾರರ ಮಾತು. ಬಾ ನಾದಿಂದ ಬರುವಾಗ ದಾ ನಾಂಗ್‌ನಲ್ಲೇ ಬಸ್ಸಿನಿಂದ ಇಳಿದು ರೈಲು ನಿಲ್ದಾಣದ ಕಿಟಕಿಗೆ ಹೋದೆವು. ಪಾಸ್‌ಪೋರ್ಟ್ ನೋಡಿ ಹೆಸರು ಟೈಪ್ ಮಾಡಿದರು, ಹೆಸರು ಮತ್ತು ದರ ಎರಡೂ ಮುದ್ರಿತವಾದ ಚೀಟಿ ಕೈಗೆ ಬಂತು. ಒಂದೂವರೆ ಲಕ್ಷ. 2024ರ ಮಾರ್ಚ್‌ನಲ್ಲಿ ಹುಯೆ ಮತ್ತು ದಾ ನಾಂಗ್ ನಡುವೆ ಶುರುವಾದ ಪಾರಂಪರಿಕ ರೈಲದು. ಬಲಗಡೆ ಕೂತವರಿಗೆ ಹಾಯ್ ವಾನ್ ಘಟ್ಟದುದ್ದಕ್ಕೂ ಸಮುದ್ರ ಕಾಲಡಿಯಲ್ಲೇ ಇರುತ್ತದೆ. ಕಿಟಕಿ ಪಕ್ಕವೇ ಸಿಕ್ಕಿತ್ತು.

ಕೌಂಟರಿನಲ್ಲಿ ನನ್ನ ಕೈ ನಡುಗಿದ್ದನ್ನೂ ಹೇಳಬೇಕು. ಅಲ್ಲಿನ 20 ಸಾವಿರದ ನೋಟು ನೀಲಿ, 5 ಲಕ್ಷದ ನೋಟೂ ನೀಲಿ. ಅಂಗಡಿಯಲ್ಲಿ ಲಕ್ಷಗಳನ್ನು ಎಣಿಸುವವನು ಅಲ್ಲಿ ಸೊನ್ನೆ ಎಣಿಸುತ್ತಾ ನಿಂತಿದ್ದೆ. ಕೊನೆಗೆ ಹೆಂಡತಿ ದೊಡ್ಡ ನೋಟುಗಳನ್ನು ತನ್ನ ಪರ್ಸಿಗೆ ಹಾಕಿಕೊಂಡಳು, ಚಿಲ್ಲರೆ ಮಾತ್ರ ನನ್ನ ಪಾಲಾಯಿತು.

ಹುಯೆಯ ಅರಮನೆಯನ್ನು ಒಂದು ದಿನ ನೋಡಿದೆವು. ಇನ್ನೊಂದು ದಿನ ಜಿನುಗು ಮಳೆ, ಕೋಣೆಯಲ್ಲೇ ಕುಳಿತೆವು.

ಹೊಯಿ ಆನ್‌ಗೆ ಮರಳಿದ ರಾತ್ರಿ ಲೆಕ್ಕ ತೆಗೆದೆ. ವಿಮಾನ, ವೀಸಾ, ವಸತಿ, ಊಟ, ಓಡಾಟ, ಆ ಒಂಬತ್ತು ಲಕ್ಷದ ದಂಡವೂ ಸೇರಿ ಇಬ್ಬರಿಗೆ ಎಂಟು ದಿನಕ್ಕೆ 1,12,000 ರೂಪಾಯಿ. ಬಳ್ಳಾರಿಯ ದರ ಆರು ದಿನಕ್ಕೆ 1,84,000, ವೀಸಾ ಬೇರೆ. ಆ ಕಚೇರಿಯವರು ಮೋಸ ಮಾಡುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಬಾಡಿಗೆ, ನೌಕರರು, ಫೋನು ಮಾಡಿದರೆ ಎತ್ತುವವರು, ಎಲ್ಲಕ್ಕೂ ಖರ್ಚಿದೆ. ವಯಸ್ಸಾದವರಿಗೆ, ನಡೆಯಲಾಗದವರಿಗೆ ಅದೇ ಸರಿ. ಬಿಡಿಸಿ ಬರೆದುಕೊಟ್ಟಿದ್ದರೆ ಬಹುಶಃ ನಾನೂ ಅವರ ಜೊತೆಯೇ ಹೋಗುತ್ತಿದ್ದೆ.

ಕೊನೆಯ ದಿನ ಉಳಿದದ್ದು ಬುಟ್ಟಿ ದೋಣಿ. ಊರ ಹೊರಗಿನ ಕಾಮ್ ಥಾನ್ ಎಂಬಲ್ಲಿ, ನೀರಿನಲ್ಲೇ ಬೆಳೆಯುವ ತಾಳೆಯ ಕಾಡಿನೊಳಗೆ ದುಂಡನೆಯ ಬಿದಿರು ದೋಣಿಗಳಲ್ಲಿ ಸುತ್ತಾಡಿಸುತ್ತಾರೆ. ಕಚೇರಿಯಲ್ಲಿ ತಲೆಗೆ ನಾಲ್ಕು ಲಕ್ಷ. ನಾವು ಹೋಟೆಲಿನ ಸೈಕಲ್ ತೆಗೆದುಕೊಂಡು ಹೊರಟೆವು. ಅರ್ಧ ದಾರಿಯಲ್ಲಿ ಹದಿನಾಲ್ಕು ಹದಿನೈದರ ಹುಡುಗನೊಬ್ಬ ಸೈಕಲ್ ತುಳಿಯುತ್ತಾ ಪಕ್ಕಕ್ಕೇ ಬಂದ. "ಬುಟ್ಟಿ ದೋಣಿ? ಬುಟ್ಟಿ ದೋಣಿ?" ಎನ್ನುತ್ತಾ ಎಡಕ್ಕೆ ತಿರುಗಿ ಎಂದು ಕೈ ತೋರಿಸಿದ. ನನಗೆ ನಗು ತಡೆಯಲಾಗಲಿಲ್ಲ. ಹೆಂಡತಿ ಏಕೆ ಎಂದು ಕೇಳಿದಳು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಹೇಳಿರಲಿಲ್ಲ, ಆಗ ಹೇಳಿದೆ.

ಆನೆಗೊಂದಿಯ ಕಡವಿನಲ್ಲಿ ಆಗ ಸೇತುವೆ ಇರಲಿಲ್ಲ. ಹಂಪಿಯಿಂದ ಈಚೆ ದಡಕ್ಕೆ ಬರುವವರು ಹರಿಗೋಲನ್ನೇ ಹತ್ತಬೇಕಿತ್ತು. ಇದೇ ಹೊಳೆಯನ್ನು 1520ರ ಹೊತ್ತಿಗೆ ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕೂಡ ಬುಟ್ಟಿಯಂತೆ ದುಂಡಗಿನ, ಹೊರಗೆ ತೊಗಲು ಹೊದಿಸಿದ ದೋಣಿಗಳ ಬಗ್ಗೆ, ಅವು ನೆಟ್ಟಗೆ ಹೋಗದೆ ಸುತ್ತುತ್ತಾ ಹೋಗುವ ಬಗ್ಗೆ ಬರೆದಿದ್ದಾನೆ. ನಾನು ಶಾಲೆ ತಪ್ಪಿಸಿ ಆ ಕಡವಿನಲ್ಲಿ ನಿಲ್ಲುತ್ತಿದ್ದೆ. ಬಿಳಿಯ ಪ್ರವಾಸಿಗರನ್ನು ಒಬ್ಬ ಅಂಬಿಗ ಮಾಮನ ಹರಿಗೋಲಿಗೆ ಕರೆದೊಯ್ದರೆ ಅವನು ನನಗೆ ಹತ್ತು ರೂಪಾಯಿ ಕೊಡುತ್ತಿದ್ದ. ಅವರಿಂದ ಎಷ್ಟು ತೆಗೆದುಕೊಳ್ಳುತ್ತಿದ್ದ ಎಂದು ನಾನು ಕೇಳಿದವನಲ್ಲ. ಊರಿನವರು ಕೊಡುತ್ತಿದ್ದದ್ದು ಎರಡು ರೂಪಾಯಿ.

"ಅಂದರೆ ನೀವು ಏಜೆಂಟ್ ಆಗಿದ್ದಿರಿ" ಎಂದಳು ಹೆಂಡತಿ.

ಹುಡುಗನಿಗೆ ಕೈ ಬೀಸಿ, ಎಡಕ್ಕೆ ತಿರುಗದೆ ನೆಟ್ಟಗೆ ನೀರಿನ ಅಂಚಿನವರೆಗೂ ತುಳಿದೆವು. ಕಡವಿನಲ್ಲಿ ದೋಣಿಗೆ, ತಲೆಗಲ್ಲ, ಒಂದೂವರೆ ಲಕ್ಷ. ಬಿದಿರ ಟೋಪಿ ಹಾಕಿದ ಐವತ್ತರ ಹೆಂಗಸು ನಮ್ಮನ್ನು ಕೂರಿಸಿಕೊಂಡಳು. ನಡುವೆ ಎಲ್ಲಿಂದಲೋ ಕೊರಿಯಾ ಹಾಡುಗಳು ಧ್ವನಿವರ್ಧಕದಲ್ಲಿ ಕಿವಿಗಡಚಿಕ್ಕುತ್ತಿದ್ದವು, ಒಬ್ಬ ದೋಣಿಯನ್ನು ಬುಗುರಿಯಂತೆ ತಿರುಗಿಸಿ ಪ್ರವಾಸಿಗರಿಂದ ಕಾಸು ಪಡೆಯುತ್ತಿದ್ದ. ಅದನ್ನು ದಾಟಿ ಒಳಗಿನ ಕಾಲುವೆಗೆ ಹೋದ ಮೇಲೆ ನೀರಿನ ಸದ್ದು ಮಾತ್ರ. ದೋಣಿಯ ಒಳಮೈ ಮುಟ್ಟಿ ನೋಡಿದೆ. ಬಿದಿರ ಸೀಳುಗಳ ನೇಯ್ಗೆಗೆ ಸಗಣಿ, ಮರದ ಅಂಟು ಬಳಿಯುತ್ತಾರಂತೆ. ನಮ್ಮದಕ್ಕೆ ಈಗ ಪ್ಲಾಸ್ಟಿಕ್, ಡಾಂಬರು. ಹುಟ್ಟು ಕೊಡು ಎಂದು ಸನ್ನೆ ಮಾಡಿದೆ. ಮೂವತ್ತು ವರ್ಷದ ಮೇಲೆ ಕೈ ಹಾಕಿದ್ದರಿಂದ ಮೊದಲು ಎರಡು ಸುತ್ತು ಗಿರಗಿರ ತಿರುಗಿತು. ಆಮೇಲೆ ಕೈಗೆ ನೆನಪು ಬಂತು. ಮುಂದಕ್ಕೆ ಚಾಚಿ ನೀರನ್ನು ಎಳೆದುಕೊಳ್ಳಬೇಕು, ಪಕ್ಕಕ್ಕೆ ಹಾಕಬಾರದು. ದೋಣಿ ನೆಟ್ಟಗೆ ಹೋಯಿತು.

ಆಕೆ ಕಣ್ಣರಳಿಸಿ ನೋಡಿದಳು. ನಮ್ಮೂರ ಹರಿಗೋಲಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ತನ್ನ ಮೊಬೈಲಿನಲ್ಲಿ ಏನೋ ಮಾತನಾಡಿ, ಅನುವಾದವನ್ನು ನನ್ನ ಮುಂದೆ ಹಿಡಿದಳು. ನಿಮ್ಮ ಹೋಟೆಲಿನಲ್ಲಿ ನಿಮ್ಮ ದೇಶದವರು ಇದ್ದರೆ ನೇರವಾಗಿ ನನ್ನ ಬಳಿ ಕಳುಹಿಸಿ, ದೋಣಿಗೆ 20 ಸಾವಿರ ನಿಮಗೆ ಕೊಡುತ್ತೇನೆ ಎಂದಿತ್ತು.

ಹೆಂಡತಿ ಬಗ್ಗಿ ಓದಿದಳು. ಬೆರಳು ಮಡಚಿ ಲೆಕ್ಕ ಹಾಕಿದಳು.

"ಅರವತ್ತಾರು ರೂಪಾಯಿ. ಹತ್ತರಿಂದ ಏರಿದ್ದೀರಿ" ಎಂದಳು.